ಅಪರಾಧ ಕತೆಗಳು, ಬಗೆಹರಿಯದ ಪ್ರಕರಣಗಳು: ನಮಗೇಕೆ ಇಷ್ಟು ಕುತೂಹಲ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಸರಳವಾದವು ಮೊದಲಿವೆ, ಕಾನೂನು ಮತ್ತು ದಾಖಲೆಗೆ ಸಂಬಂಧಿಸಿದವು ಕೊನೆಯಲ್ಲಿವೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಮೊದಲ ಪ್ರಶ್ನೆಗಳು

ಕೊಲೆ ಕೇಸುಗಳ ಬಗ್ಗೆ ಓದೋದು, ನೋಡೋದು ನನಗೆ ತುಂಬಾ ಇಷ್ಟ. ನನ್ನಲ್ಲೇ ಏನಾದ್ರೂ ದೋಷ ಇದೆಯಾ?

ಇಲ್ಲ. ಅಪಾಯದ ಬಗ್ಗೆ ತಿಳಿದುಕೊಳ್ಳುವ ಆಸೆ ಮನುಷ್ಯರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇದೆ. ಈ ಕುತೂಹಲವನ್ನು ಅಳೆಯಲು ಮನೋವಿಜ್ಞಾನಿ ಕೋಲ್ಟನ್ ಸ್ಕ್ರಿವ್ನರ್ ಒಂದು ಮಾಪಕ ರೂಪಿಸಿ, ಅದನ್ನು ನಾಲ್ಕು ಭಾಗ ಮಾಡಿದ್ದಾರೆ: ಅಪಾಯಕಾರಿ ಮನುಷ್ಯರ ಮನಸ್ಸು, ಹಿಂಸೆ, ದೇಹಕ್ಕೆ ಆಗುವ ಹಾನಿ, ದೆವ್ವ ಭೂತದಂಥ ಅತೀಂದ್ರಿಯ ಭಯ. ಅಪರಾಧ ಪ್ರಕರಣಗಳನ್ನು ಹುಡುಕಿ ಓದುವ ಎಷ್ಟೋ ಜನರಿಗೆ ರಕ್ತ ಕಂಡರೆ ಆಗುವುದಿಲ್ಲ. ಅವರಿಗೆ ಬೇಕಿರುವುದು ಮೊದಲನೆಯದು: ಅವನು ಹಾಗೇಕೆ ಮಾಡಿದ, ಪಕ್ಕದಲ್ಲೇ ಇದ್ದವರಿಗೆ ಏಕೆ ಗೊತ್ತಾಗಲಿಲ್ಲ ಎಂಬ ವಿವರ.

ಓದಿದ ಮೇಲೆ ನೀವು ಯಾರ ಬಗ್ಗೆ ಯೋಚಿಸುತ್ತೀರಿ ಎಂಬುದನ್ನು ಮಾತ್ರ ಗಮನಿಸಿ. ಕೊಂದವನ ಹೆಸರು, ಊರು, ಅಭ್ಯಾಸಗಳೆಲ್ಲ ನಾಲಿಗೆಯ ತುದಿಯಲ್ಲಿದ್ದು, ಸತ್ತವರಲ್ಲಿ ಒಬ್ಬರ ಹೆಸರೂ ನೆನಪಾಗದಿದ್ದರೆ ಕುತೂಹಲ ಒಂದೇ ಕಡೆಗೆ ವಾಲಿದೆ. ಅದಕ್ಕೆ ನೀವೊಬ್ಬರೇ ಕಾರಣರಲ್ಲ. ಈ ಕತೆಗಳನ್ನು ಕಟ್ಟುವ ರೀತಿಯೇ ಹಾಗಿದೆ.

ಇದೆಲ್ಲ ಯೂಟ್ಯೂಬ್, ಪಾಡ್‌ಕಾಸ್ಟ್ ಬಂದಮೇಲೆ ಶುರುವಾದ ಹುಚ್ಚಲ್ವಾ?

ಅಲ್ಲ. 19ನೇ ಶತಮಾನದ ಲಂಡನ್ನಿನಲ್ಲಿ ಅಪರಾಧಿಯನ್ನು ಗಲ್ಲಿಗೇರಿಸುವ ಜಾಗದಲ್ಲೇ ಅವನ ಕತೆಯನ್ನು ಹಾಡಾಗಿ ಮುದ್ರಿಸಿದ ಹಾಳೆಗಳು ಬಿಡಿಗಾಸಿಗೆ ಮಾರಾಟವಾಗುತ್ತಿದ್ದವು. 1888ರಲ್ಲಿ ಅಲ್ಲಿನ ವೈಟ್‌ಚಾಪೆಲ್ ಪ್ರದೇಶದಲ್ಲಿ ಐವರು ಮಹಿಳೆಯರ ಕೊಲೆಯಾದಾಗ ಪತ್ರಿಕೆಗಳ ಪೈಪೋಟಿ ಹೇಗಿತ್ತೆಂದರೆ, ‘ಜ್ಯಾಕ್ ದಿ ರಿಪ್ಪರ್’ ಎಂಬ ಹೆಸರು ಹುಟ್ಟಿದ್ದೇ ಒಂದು ಸುದ್ದಿಸಂಸ್ಥೆಗೆ ಬಂದ ಕಾಗದದಿಂದ. ಅದನ್ನು ಬರೆದವನು ಕೊಲೆಗಾರನಲ್ಲ, ಯಾರೋ ಪತ್ರಕರ್ತ ಎಂದು ಆಗಿನ ಕೆಲವು ಪೊಲೀಸ್ ಅಧಿಕಾರಿಗಳೇ ನಂಬಿದ್ದರು.

ಕನ್ನಡದಲ್ಲೂ ಇದು ಇವತ್ತಿನದಲ್ಲ. ರವಿ ಬೆಳಗೆರೆ 1995ರಲ್ಲಿ ಆರಂಭಿಸಿದ ‘ಹಾಯ್ ಬೆಂಗಳೂರ್’ ವಾರಪತ್ರಿಕೆಯನ್ನೂ ಆಮೇಲೆ ಈಟಿವಿಯಲ್ಲಿ ಬಂದ ‘ಕ್ರೈಂ ಡೈರಿ’ಯನ್ನೂ ಕಾದು ಕೂತು ಓದಿದ, ನೋಡಿದ ಒಂದು ತಲೆಮಾರೇ ಇದೆ. ಮೊಬೈಲ್ ಬಂದ ಮೇಲೆ ಆದ ಬದಲಾವಣೆ ಇಷ್ಟು: ವಾರಕ್ಕೊಮ್ಮೆ ಸಿಗುತ್ತಿದ್ದದ್ದು ಈಗ ದಿನದ ಎಲ್ಲ ಹೊತ್ತಿನಲ್ಲೂ ಸಿಗುತ್ತದೆ, ನೋಡುವವರು ತಾವೂ ಕತೆಗೆ ಕೈಹಾಕಬಹುದು.

ಹೆಂಗಸರೇ ಜಾಸ್ತಿ ನೋಡ್ತಾರಂತೆ. ನಿಜಾನಾ? ಯಾಕೆ?

ನಿಜ ಕೊಲೆ ಪ್ರಕರಣಗಳ ಪುಸ್ತಕಗಳ ಮಟ್ಟಿಗೆ ಅಮೆರಿಕದಲ್ಲಿ ಹಾಗೆ ಕಂಡುಬಂದಿದೆ. ಅಮಾಂಡಾ ವಿಕರಿ ಮತ್ತು ಕ್ರಿಸ್ ಫ್ರೇಲಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯುದ್ಧದಂಥ ಬೇರೆ ಹಿಂಸೆಯ ಕತೆಗಿಂತ ನಿಜ ಕೊಲೆ ಪ್ರಕರಣದ ಪುಸ್ತಕವನ್ನು ಆರಿಸಿಕೊಂಡವರಲ್ಲಿ ಮಹಿಳೆಯರು ಹೆಚ್ಚು. ದಾಳಿಗೆ ಒಳಗಾದವಳು ಯಾವುದೋ ಉಪಾಯದಿಂದ ತಪ್ಪಿಸಿಕೊಂಡಳು ಎಂಬ ಸೂಚನೆಯಿದ್ದರೆ, ಕೊಲೆಗಾರನ ಮನಸ್ಸಿನ ಬಗ್ಗೆ ವಿವರವಿದ್ದರೆ ಅವರ ಆಸಕ್ತಿ ಮತ್ತೂ ಹೆಚ್ಚುತ್ತಿತ್ತು. ‘ನನಗೇ ಹೀಗಾದರೆ ಏನು ಮಾಡಲಿ’ ಎಂಬ ಲೆಕ್ಕ ಒಳಗೆ ನಡೆಯುತ್ತಿರುತ್ತದೆ ಎಂಬುದು ಸಂಶೋಧಕರ ವಿವರಣೆ. ರಾತ್ರಿ ಒಬ್ಬಳೇ ಆಟೋ ಹತ್ತಿದ ಮೇಲೆ ಗಾಡಿ ನಂಬರನ್ನು ಮನೆಗೆ ಮೆಸೇಜ್ ಮಾಡುವ ಹುಡುಗಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮಕ್ಕಳು ಪಕ್ಕದಲ್ಲಿದ್ದಾಗ ನೋಡಬಹುದಾ?

ಬೇಡ. ಹತ್ತು ವರ್ಷದೊಳಗಿನ ಮಗುವಿಗೆ ಅದು ಎಲ್ಲಿ, ಯಾವಾಗ ಆದದ್ದು ಎಂಬ ದೂರ ಅರ್ಥವಾಗುವುದಿಲ್ಲ. ಇಲ್ಲೇ, ಈಗಲೇ ಆಗುತ್ತದೆಂದು ಅಂದುಕೊಳ್ಳುತ್ತದೆ. ಹದಿಹರೆಯದವರು ಹೇಗಿದ್ದರೂ ನೋಡುತ್ತಾರೆ. ಅವರ ಜೊತೆ ಕೂತು ನೋಡಿ, ಮಾತಾಡಿ.

## ಬಗೆಹರಿಯದ ಪ್ರಕರಣಗಳು

ಕೊಲೆಗಾರ ಸಿಕ್ಕ ಕೇಸಿಗಿಂತ ಸಿಗದ ಕೇಸೇ ಯಾಕೆ ತಲೆಯಲ್ಲಿ ಕೂತುಬಿಡುತ್ತೆ?

ಇದಕ್ಕೆ ಝೈಗಾರ್ನಿಕ್ ಪರಿಣಾಮವನ್ನು ಹೆಸರಿಸುವುದು ರೂಢಿ. ಮುಗಿಯದೆ ಉಳಿದ ಕೆಲಸ ಹೆಚ್ಚು ನೆನಪಿರುತ್ತದೆ ಎಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಬರೆದರು. ಆದರೆ ನಂತರದ ಪ್ರಯೋಗಗಳಲ್ಲಿ ಆ ಫಲಿತಾಂಶ ಸ್ಥಿರವಾಗಿ ಬಂದಿಲ್ಲ. ಅದಕ್ಕಿಂತ ಗಟ್ಟಿಯಾದ ವಿವರಣೆ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಕೊಟ್ಟದ್ದು: ಗೊತ್ತಿರುವುದಕ್ಕೂ ಗೊತ್ತಾಗಬೇಕಾದ್ದಕ್ಕೂ ನಡುವಿನ ಅಂತರ ಕಣ್ಣಿಗೆ ಬಿದ್ದಾಗ ಕುತೂಹಲ ಹುಟ್ಟುತ್ತದೆ, ಆ ಅಂತರ ಚಿಕ್ಕದಾದಷ್ಟೂ ಅದು ಕಾಡುತ್ತದೆ. ಏನೇನೂ ಗೊತ್ತಿಲ್ಲದ ವಿಷಯ ನಮ್ಮನ್ನು ಎಳೆಯುವುದಿಲ್ಲ. ಎಲ್ಲಾ ಗೊತ್ತಿದ್ದು ಒಂದೇ ಒಂದು ಗೊತ್ತಿಲ್ಲ ಎಂದಾಗ ಬಿಡಲಾಗುವುದಿಲ್ಲ.

ಡಿ.ಬಿ. ಕೂಪರ್ ಪ್ರಕರಣ ಹೀಗೇ ಇದೆ. 1971ರ ನವೆಂಬರ್ 24ರಂದು ಪೋರ್ಟ್‌ಲೆಂಡ್‌ನಿಂದ ಸಿಯಾಟಲ್‌ಗೆ ಹೊರಟ ವಿಮಾನವನ್ನು ಅಪಹರಿಸಿದವನು 2 ಲಕ್ಷ ಡಾಲರ್ ಪಡೆದು, ರಾತ್ರಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ. ವಿಮಾನದ ಸಂಖ್ಯೆ ಗೊತ್ತು, ನೋಟುಗಳ ಸಂಖ್ಯೆ ಗೊತ್ತು. 1980ರಲ್ಲಿ ಕೊಲಂಬಿಯಾ ನದಿಯ ದಂಡೆಯಲ್ಲಿ ಒಬ್ಬ ಹುಡುಗನಿಗೆ ಅದೇ ನೋಟುಗಳಲ್ಲಿ 5,800 ಡಾಲರ್ ಸಿಕ್ಕಿತು. ಮನುಷ್ಯ ಮಾತ್ರ ಸಿಗಲಿಲ್ಲ. 2016ರಲ್ಲಿ ಎಫ್‌ಬಿಐ ಸಕ್ರಿಯ ತನಿಖೆಯನ್ನು ನಿಲ್ಲಿಸಿತು.

ಅಂತರವನ್ನು ತುಂಬಿದರೆ ಸಮಾಧಾನ ಸಿಕ್ಕೇ ಸಿಗುತ್ತದೆ ಎಂದೂ ಇಲ್ಲ. ಕ್ಯಾಲಿಫೋರ್ನಿಯಾದ ಝೋಡಿಯಾಕ್ ಕೊಲೆಗಾರ 1969ರಲ್ಲಿ ಪತ್ರಿಕೆಗೆ ಕಳಿಸಿದ 340 ಚಿಹ್ನೆಗಳ ಗೂಢಲಿಪಿಯನ್ನು 2020ರ ಡಿಸೆಂಬರ್‌ನಲ್ಲಿ ಮೂವರು ಹವ್ಯಾಸಿಗಳು ಸೇರಿ ಬಿಡಿಸಿದರು. ಅದರೊಳಗೆ ಅವನ ಹೆಸರಿರಲಿಲ್ಲ.

ಅಷ್ಟೊಂದು ಹೆಂಗಸರು ಸತ್ತರೂ ‘ಸೈನೈಡ್ ಮೋಹನ’ನ ಸುಳಿವು ಪೊಲೀಸರಿಗೆ ಯಾಕೆ ಸಿಗಲಿಲ್ಲ?

ಪ್ರತಿ ಸಾವೂ ಬೇರೆ ಬೇರೆ ಠಾಣೆಯ ಕಡತದಲ್ಲಿತ್ತು, ಅದೂ ಕೊಲೆ ಎಂದಲ್ಲ. ಬಂಟ್ವಾಳ ಕಡೆಯ ಶಾಲಾ ಶಿಕ್ಷಕನಾಗಿದ್ದ ಮೋಹನ್ ಕುಮಾರ್, ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಬಡ ಮನೆಗಳ ಹೆಣ್ಣುಮಕ್ಕಳನ್ನು ಮದುವೆಯಾಗುವುದಾಗಿ ನಂಬಿಸಿ ದೂರದ ಊರಿಗೆ ಕರೆದೊಯ್ಯುತ್ತಿದ್ದ. ಲಾಡ್ಜಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಒಡವೆಗಳನ್ನು ರೂಮಿನಲ್ಲೇ ಬಿಡಿಸಿ, ಗರ್ಭನಿರೋಧಕ ಎಂದು ಹೇಳಿ ಸೈನೈಡ್ ಕೊಡುತ್ತಿದ್ದ. ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋಗಿ ನುಂಗು ಎನ್ನುತ್ತಿದ್ದ.

ಈಗ ಇದನ್ನು ಠಾಣೆಯ ಕಡೆಯಿಂದ ನೋಡಿ. ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ. ಒಳಗೆ ಒಬ್ಬ ಅಪರಿಚಿತ ಮಹಿಳೆಯ ಶವ. ಗುರುತಿನ ಚೀಟಿ ಇಲ್ಲ, ಊರಿನವಳಲ್ಲ, ಹುಡುಕಿಕೊಂಡು ಬಂದವರಿಲ್ಲ. ಅಸ್ವಾಭಾವಿಕ ಮರಣ, ಅಂದರೆ ಯುಡಿಆರ್ ಎಂದು ದಾಖಲಾಗಿ, ಆತ್ಮಹತ್ಯೆ ಇರಬಹುದೆಂಬ ಊಹೆಯಲ್ಲಿ ಕಡತ ಮುಚ್ಚುತ್ತದೆ. ಮೈಸೂರಿನ ಕಡತವನ್ನು ಹಾಸನದ್ದರ ಪಕ್ಕದಲ್ಲಿಟ್ಟು ನೋಡುವ ವ್ಯವಸ್ಥೆ ಇರಲಿಲ್ಲ. ಅವಳ ಊರಿನಲ್ಲಿ ಮನೆಯವರು ಕಾಣೆಯಾದ ದೂರು ಕೊಟ್ಟಿರಬಹುದು, ಮರ್ಯಾದೆಗೆ ಅಂಜಿ ಸುಮ್ಮನಿದ್ದಿರಲೂಬಹುದು.

2009ರಲ್ಲಿ ಬಂಟ್ವಾಳ ತಾಲ್ಲೂಕಿನ ಒಬ್ಬ ಯುವತಿ ಕಾಣೆಯಾದಾಗ ಅನ್ಯಧರ್ಮದವನ ಜೊತೆ ಓಡಿಹೋದಳೆಂಬ ಗುಲ್ಲೆದ್ದು ಪ್ರತಿಭಟನೆಗಳಾದವು. ಗುಲ್ಲು ಸುಳ್ಳಾಗಿತ್ತು. ಪೊಲೀಸರು ಮೊಬೈಲ್ ಕರೆಗಳ ದಾಖಲೆ ಹಿಡಿದು ಒಂದು ನಂಬರಿನಿಂದ ಇನ್ನೊಂದಕ್ಕೆ ಹೋದಾಗ, ಆ ನಂಬರುಗಳೂ ಕಾಣೆಯಾದ ಹೆಣ್ಣುಮಕ್ಕಳವೇ ಎಂದು ಗೊತ್ತಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೋಹನನ ಬಂಧನವಾಯಿತು. 20 ಪ್ರಕರಣಗಳ ವಿಚಾರಣೆ ನಡೆಯಿತು, ಮೊದಲ ಶಿಕ್ಷೆ 2013ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು.

ಈ ಪ್ರಕರಣವನ್ನು ‘ಚಾಣಾಕ್ಷ ಹಂತಕ’ನ ಕತೆಯಾಗಿ ಹೇಳುವುದನ್ನು ನಾವು ಒಪ್ಪುವುದಿಲ್ಲ. ಅವನಿಗೆ ಅನುಕೂಲವಾದದ್ದು ವರದಕ್ಷಿಣೆ, ಬಡತನ, ಮತ್ತು ಅಪರಿಚಿತ ಹೆಣ್ಣಿನ ಶವಕ್ಕೆ ಸಿಕ್ಕ ಅಷ್ಟೇ ಅಷ್ಟು ಗಮನ.

ಕೆಲವರ ಸಾವು ಮಾತ್ರ ದೊಡ್ಡ ಸುದ್ದಿಯಾಗುತ್ತೆ, ಕೆಲವರದು ಇಲ್ಲ. ಯಾಕೆ?

ಓದುವವರಿಗೆ ಹತ್ತಿರದವರು ಅನ್ನಿಸಿದವರ ಸಾವು ಸುದ್ದಿಯಾಗುತ್ತದೆ. 1989ರಲ್ಲಿ ಕೋಲ್ಕತ್ತದ ಫುಟ್‌ಪಾತಿನಲ್ಲಿ ಮಲಗಿದ್ದವರನ್ನು ತಲೆಯ ಮೇಲೆ ಕಲ್ಲು ಎತ್ತಿಹಾಕಿ ಒಬ್ಬರಾದ ಮೇಲೆ ಒಬ್ಬರಂತೆ ಕೊಲ್ಲಲಾಯಿತು. ಸತ್ತವರು ಹನ್ನೆರಡಕ್ಕೂ ಹೆಚ್ಚು. ಕೊಂದವರು ಯಾರೆಂದು ಇಂದಿಗೂ ಗೊತ್ತಿಲ್ಲ, ಆದರೂ ಪತ್ರಿಕೆಗಳಿಂದ ‘ಸ್ಟೋನ್‌ಮ್ಯಾನ್’ ಎಂಬ ಹೆಸರು ಸಿಕ್ಕಿತು. ಸತ್ತವರಲ್ಲಿ ಹಲವರ ಹೆಸರು ಮಾತ್ರ ಯಾರಿಗೂ ತಿಳಿಯಲಿಲ್ಲ.

2008ರ ನೋಯ್ಡಾ ಜೋಡಿ ಕೊಲೆಯಲ್ಲೂ ಇದೇ ಕಾಣುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಸತ್ತರು, 13 ವರ್ಷದ ಹುಡುಗಿ ಮತ್ತು ಮನೆಗೆಲಸದ ವ್ಯಕ್ತಿ. ದೇಶ ಆ ಪ್ರಕರಣವನ್ನು ಕರೆಯುವುದು ಹುಡುಗಿಯ ಹೆಸರಿನಿಂದ ಮಾತ್ರ.

## ಪೊಲೀಸು, ಕೋರ್ಟು, ಕಾಗದ

‘ಕೇಸ್ ಕ್ಲೋಸ್ ಆಯ್ತು’ ಅಂದ್ರೆ ಏನು? ಬಿ ರಿಪೋರ್ಟ್, ಸಿ ರಿಪೋರ್ಟ್ ಬೇರೆ ಬೇರೆನಾ?

ಬೇರೆ ಬೇರೆ. ಕರ್ನಾಟಕದಲ್ಲಿ ತನಿಖೆ ಮುಗಿದ ಮೇಲೆ ಆರೋಪಿಯ ವಿರುದ್ಧ ಸಾಕ್ಷ್ಯವಿದ್ದರೆ ಆರೋಪಪಟ್ಟಿ ಸಲ್ಲಿಕೆಯಾಗುತ್ತದೆ. ದೂರು ಸುಳ್ಳು, ತಪ್ಪು ತಿಳಿವಳಿಕೆಯದು ಅಥವಾ ಸಿವಿಲ್ ಸ್ವರೂಪದ್ದು ಎಂದು ಕಂಡರೆ ಬಿ ರಿಪೋರ್ಟ್. ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಲಿಲ್ಲ ಎಂದಾದರೆ ಸಿ ರಿಪೋರ್ಟ್. ‘ಬಗೆಹರಿಯದ ಪ್ರಕರಣ’ ಎಂದು ನಾವು ಕರೆಯುವುದು ಈ ಮೂರನೆಯದನ್ನು.

ಸಿ ರಿಪೋರ್ಟ್ ಆದ ಕೊಲೆ ಕೇಸು ಸತ್ತುಹೋಗುವುದಿಲ್ಲ. ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಕಾಲಮಿತಿ ಇಲ್ಲ. ಹೊಸ ಸಾಕ್ಷ್ಯ ಸಿಕ್ಕರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193(9)ರ ಅಡಿಯಲ್ಲಿ ಮುಂದುವರಿದ ತನಿಖೆ ನಡೆಸಬಹುದು. ಬಿ ರಿಪೋರ್ಟ್ ಹಾಕಿದರೆ ದೂರುದಾರರಿಗೆ ನೋಟಿಸ್ ಬರಬೇಕು. ಒಪ್ಪದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ತಕರಾರು ಅರ್ಜಿ ಹಾಕಬಹುದು.

ಅವನೇ ಮಾಡಿದ್ದು ಅಂತ ಟಿವಿಯಲ್ಲೇ ಹೇಳಿದ್ರು. ಕೋರ್ಟಲ್ಲಿ ಹೇಗೆ ಬಿಡುಗಡೆ ಆದ?

ಟಿವಿಯಲ್ಲಿ ಬಂದದ್ದರಲ್ಲಿ ಬಹುಪಾಲು ಕೋರ್ಟಿನಲ್ಲಿ ಸಾಕ್ಷ್ಯವೇ ಅಲ್ಲ. ‘ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ’ ಎಂಬ ಸುದ್ದಿಯನ್ನೇ ತೆಗೆದುಕೊಳ್ಳಿ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಅವನು ಕೊಟ್ಟ ಮಾಹಿತಿಯಿಂದ ಯಾವುದಾದರೂ ವಸ್ತು ಪತ್ತೆಯಾದರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಮಂಪರು ಪರೀಕ್ಷೆಯೂ ಹಾಗೆಯೇ: ಒಪ್ಪಿಗೆಯಿಲ್ಲದೆ ಅದನ್ನು ಮಾಡುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪಿತ್ತಿತು. ಅದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ.

ಇನ್ನೊಂದು ಕಾರಣ ಮೊದಲ ಕೆಲವು ಗಂಟೆಗಳಲ್ಲೇ ಹುಟ್ಟುತ್ತದೆ. 2008ರ ನೋಯ್ಡಾ ಜೋಡಿ ಕೊಲೆಯಲ್ಲಿ ಮೇ 16ರ ಬೆಳಿಗ್ಗೆ 13 ವರ್ಷದ ಹುಡುಗಿಯ ಶವ ಮನೆಯಲ್ಲಿ ಸಿಕ್ಕಿತು. ಮನೆಗೆ ನೆಂಟರು, ನೆರೆಯವರು, ಪತ್ರಕರ್ತರು ತುಂಬಿಕೊಂಡರು. ಕಾಣದಿದ್ದ ಮನೆಗೆಲಸದವನೇ ಕೊಲೆಗಾರ ಎಂದು ತೀರ್ಮಾನವಾಗಿ ಹುಡುಕಾಟ ನಡೆಯಿತು. ತಾರಸಿಯ ಬಾಗಿಲಿಗೆ ಬೀಗವಿತ್ತು, ಅದನ್ನು ಆ ದಿನ ತೆರೆಯಲಿಲ್ಲ. ಮರುದಿನ ತೆರೆದಾಗ ಆ ಕೆಲಸಗಾರನ ಶವ ಅಲ್ಲೇ ಇತ್ತು. ಅಷ್ಟರಲ್ಲಿ ಎಷ್ಟೋ ಬೆರಳಚ್ಚು, ರಕ್ತದ ಗುರುತುಗಳು ಕೆಟ್ಟಿದ್ದವು. 2010ರಲ್ಲಿ ಸಿಬಿಐ ಮುಕ್ತಾಯ ವರದಿ ಕೊಟ್ಟಿತು, ಕೋರ್ಟ್ ಅದನ್ನು ಒಪ್ಪಲಿಲ್ಲ. 2013ರಲ್ಲಿ ಹುಡುಗಿಯ ತಂದೆತಾಯಿಗೆ ಶಿಕ್ಷೆಯಾಯಿತು. 2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟ್ ಇಬ್ಬರನ್ನೂ ಖುಲಾಸೆಗೊಳಿಸಿತು. ಆಮೇಲೆ ಎಷ್ಟು ಬುದ್ಧಿವಂತಿಕೆ ಸುರಿದರೂ ಮೊದಲ ದಿನ ಕಳೆದದ್ದು ಮರಳುವುದಿಲ್ಲ.

ಅಮೆರಿಕದಲ್ಲಿ ನಲವತ್ತು ವರ್ಷ ಹಳೆ ಕೇಸನ್ನೂ ಡಿಎನ್‌ಎಯಿಂದ ಬಿಡಿಸ್ತಾರೆ. ನಮ್ಮಲ್ಲಿ ಯಾಕಾಗಲ್ಲ?

ಅಲ್ಲಿ ಆದದ್ದು ಹೀಗೆ. 1970 ಮತ್ತು 80ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ 13 ಕೊಲೆ ಮಾಡಿದವನ ಡಿಎನ್‌ಎಯನ್ನು ಜೆಡ್‌ಮ್ಯಾಚ್ ಎಂಬ ವಂಶಾವಳಿ ತಾಣಕ್ಕೆ ಹಾಕಿದರು. ಅಲ್ಲಿ ದೂರದ ದಾಯಾದಿಗಳು ಸಿಕ್ಕರು. ಅವರ ಮುತ್ತಾತ ಮುತ್ತಜ್ಜಿಯರಿಂದ ಕೆಳಗೆ ವಂಶವೃಕ್ಷ ಬರೆದು, ವಯಸ್ಸು, ಊರು ನೋಡಿ ಸೋಸುತ್ತ ಬಂದಾಗ ಉಳಿದವನು ಮಾಜಿ ಪೊಲೀಸ್ ಜೋಸೆಫ್ ಡಿಏಂಜೆಲೊ. ಅವನ ಕಾರಿನ ಹಿಡಿಕೆಯಿಂದಲೂ ಬಿಸಾಡಿದ ಟಿಶ್ಯೂವಿನಿಂದಲೂ ಡಿಎನ್‌ಎ ತೆಗೆದು ಹೋಲಿಸಿ, 2018ರ ಏಪ್ರಿಲ್‌ನಲ್ಲಿ ಬಂಧಿಸಿದರು.

ಇದಕ್ಕೆ ಎರಡು ಬೇಕು: ದಶಕಗಳ ಕಾಲ ಕೆಡದಂತೆ ಇಟ್ಟ ಮಾದರಿ, ಮತ್ತು ತಾವಾಗಿಯೇ ಡಿಎನ್‌ಎ ಹಾಕಿದ ಲಕ್ಷಾಂತರ ಜನರ ಸಾರ್ವಜನಿಕ ಭಂಡಾರ. ಆ ಭಂಡಾರಗಳಲ್ಲಿ ಹೆಚ್ಚಿನವರು ಯುರೋಪ್ ಮೂಲದವರು, ಭಾರತೀಯರು ಕಡಿಮೆ. ನಮ್ಮಲ್ಲಿ ಡಿಎನ್‌ಎ ಭಂಡಾರ ಸ್ಥಾಪಿಸುವ ಮಸೂದೆಯನ್ನು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಖಾಸಗಿತನದ ಆತಂಕ ಸಣ್ಣದಲ್ಲ, ಮಸೂದೆಯನ್ನು ವಿರೋಧಿಸಿದವರ ಮಾತಿನಲ್ಲೂ ಹುರುಳಿತ್ತು. ಮಾದರಿ ಕಾಯ್ದಿಡುವ ವಿಷಯದಲ್ಲಿ ಮಾತ್ರ ಯಾವ ನೆಪಕ್ಕೂ ಜಾಗವಿಲ್ಲ. ಬೆವರು, ರಕ್ತದ ಬಟ್ಟೆಯನ್ನು ಒಣಗಿಸದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತೇವಕ್ಕೆ ಬೂಷ್ಟು ಹಿಡಿದು ಡಿಎನ್‌ಎ ನಾಶವಾಗುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿಡಬೇಕು.

## ನೋಡುವವರ ಹೊಣೆ

ಒಂದು ವಿಡಿಯೋದಲ್ಲಿ ಹೇಳಿದ್ದು ನಿಜಾನಾ ಸುಳ್ಳಾ ಅಂತ ಹೇಗೆ ಪರೀಕ್ಷೆ ಮಾಡಲಿ?

ಮೊದಲು ತೀರ್ಪು ಹುಡುಕಿ. ಪ್ರಕರಣ ಹೈಕೋರ್ಟ್ ಮುಟ್ಟಿದ್ದರೆ ತೀರ್ಪು ಇಕೋರ್ಟ್ಸ್ ತಾಣದಲ್ಲಿ ಅಥವಾ ‘ಇಂಡಿಯನ್ ಕಾನೂನ್’ ಎಂಬ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ನೂರು ಪುಟವಿದ್ದರೂ ಹೆದರಬೇಡಿ. ಆರಂಭದಲ್ಲಿ ಪ್ರಾಸಿಕ್ಯೂಷನ್ ಹೇಳುವ ಕತೆ ಇರುತ್ತದೆ. ಅದು ಆರೋಪ, ಸಾಬೀತಾದ ಸತ್ಯವಲ್ಲ. ಬಹಳಷ್ಟು ವಿಡಿಯೋಗಳು ಈ ಭಾಗವನ್ನಷ್ಟೇ ಓದಿ ‘ಹೀಗೇ ನಡೆದದ್ದು’ ಎನ್ನುತ್ತವೆ. ‘ಪಿಡಬ್ಲ್ಯು 1’, ‘ಪಿಡಬ್ಲ್ಯು 2’ ಎಂದು ಬರುವುದು ಪ್ರಾಸಿಕ್ಯೂಷನ್ ಸಾಕ್ಷಿಗಳು. ಅವರಲ್ಲಿ ಯಾರು ಹಿಂದಿನ ಹೇಳಿಕೆಗೆ ತಿರುಗಿಬಿದ್ದು ಪ್ರತಿಕೂಲ ಸಾಕ್ಷಿಯಾದರು, ಪಾಟೀಸವಾಲಿನಲ್ಲಿ ಯಾವ ಮಾತು ಬಿದ್ದುಹೋಯಿತು ಎಂದು ನೋಡಿ. ಕೊನೆಯಲ್ಲಿ ನ್ಯಾಯಾಧೀಶರು ಯಾವುದನ್ನು ನಂಬಿದರು, ಯಾವುದನ್ನು ಬಿಟ್ಟರು ಎಂಬ ಭಾಗವನ್ನು ಎರಡು ಸಲ ಓದಿ.

ಎಫ್‌ಐಆರ್ ಕೂಡ ಸಿಗುತ್ತದೆ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಆದರೆ ಅದು ದೂರುದಾರರ ಮೊದಲ ಮಾತು ಮಾತ್ರ. ಮರಣೋತ್ತರ ಪರೀಕ್ಷೆಯ ‘ಸಾವಿನ ಸಮಯ’ವನ್ನೂ ನಿಮಿಷದ ಲೆಕ್ಕದಲ್ಲಿ ಹೇಳುವವರನ್ನು ನಂಬಬೇಡಿ. ವೈದ್ಯರು ಕೊಡುವುದು ಗಂಟೆಗಳ ಅಂದಾಜು.

ನಾವೇ ಆನ್‌ಲೈನ್‌ನಲ್ಲಿ ಸೇರಿ ಪತ್ತೆ ಮಾಡಿದ್ರೆ ತಪ್ಪೇನು?

ಸತ್ತ ಅಪರಿಚಿತರ ಗುರುತು ಹಚ್ಚುವುದು, ಗೂಢಲಿಪಿ ಬಿಡಿಸುವುದು, ಹಳೆಯ ದಾಖಲೆ ಜೋಡಿಸುವುದು ಹವ್ಯಾಸಿಗಳಿಗೆ ಆಗುವ ಕೆಲಸ. ಬದುಕಿರುವವರತ್ತ ಬೆರಳು ತೋರಿಸುವುದು ಅಲ್ಲ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಅಂತರ್ಜಾಲದ ಗುಂಪುಗಳು ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನನ್ನು ಬಾಂಬರ್ ಎಂದು ಸಾರಿದವು. ಮಗನಿಗಾಗಿ ಹುಡುಕುತ್ತಿದ್ದ ಮನೆಯವರ ಮೇಲೆ ನಿಂದನೆಯ ಮಳೆ ಸುರಿಯಿತು. ಅವನ ಶವ ಆಮೇಲೆ ನದಿಯಲ್ಲಿ ಸಿಕ್ಕಿತು. ಸ್ಫೋಟಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ.

ಕಾನೂನಿನ ಗೆರೆಗಳೂ ತಿಳಿದಿರಲಿ. ಅತ್ಯಾಚಾರ ಸಂತ್ರಸ್ತೆಯ ಹೆಸರು ಅಥವಾ ಗುರುತು ಸಿಗುವಂಥ ವಿವರ ಪ್ರಕಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಅಡಿ ಎರಡು ವರ್ಷದವರೆಗೆ ಜೈಲು. ಮಕ್ಕಳಾದರೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಅನ್ವಯಿಸುತ್ತದೆ. ಹೆಸರು ಬಿಟ್ಟು ಶಾಲೆ, ಬೀದಿ, ತಂದೆಯ ಕೆಲಸ ಹೇಳಿದರೂ ಗುರುತು ಕೊಟ್ಟಂತೆಯೇ. ಫಾರ್ವರ್ಡ್ ಮಾಡುವುದೂ ಪ್ರಕಟಿಸಿದಂತೆಯೇ ಎಂದು ತಿಳಿದು ನಡೆಯಿರಿ. ನಿಜವಾದ ಸುಳಿವು ನಿಮ್ಮಲ್ಲಿದ್ದರೆ 112ಕ್ಕೆ ಅಥವಾ ಸಂಬಂಧಪಟ್ಟ ಠಾಣೆಗೆ ತಿಳಿಸಿ. ಮೂಲ ಫೋಟೊ, ವಿಡಿಯೋ ಅಳಿಸಬೇಡಿ, ಕತ್ತರಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸಿದರೆ ದಿನಾಂಕ, ಸ್ಥಳದಂಥ ಮೂಲ ಮಾಹಿತಿ ಅಳಿದುಹೋಗುತ್ತದೆ.

ದಿನಾ ನೋಡ್ತಾ ನೋಡ್ತಾ ಎಲ್ಲರ ಮೇಲೂ ಅನುಮಾನ ಬರ್ತಿದೆ, ನಿದ್ದೆ ಇಲ್ಲ. ಏನು ಮಾಡ್ಲಿ?

ಟಿವಿಯಲ್ಲಿ ಹಿಂಸೆಯನ್ನೇ ಹೆಚ್ಚು ನೋಡುವವರು ಲೋಕ ಇರುವುದಕ್ಕಿಂತ ಕ್ರೂರವಾಗಿದೆ ಎಂದು ನಂಬುತ್ತಾರೆ ಎಂಬುದನ್ನು ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್ನರ್ ದಶಕಗಳ ಹಿಂದೆಯೇ ಗುರುತಿಸಿದ್ದರು. ಅಂಕಿ ಅಂಶ ನೋಡಿ: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ಪ್ರಕಾರ 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣ ದಾಖಲಾದವು. ಅವುಗಳಲ್ಲಿ 9,962ಕ್ಕೆ ಜಗಳ, ವ್ಯಾಜ್ಯ ಕಾರಣ, 3,761ಕ್ಕೆ ವೈಯಕ್ತಿಕ ದ್ವೇಷ, 1,884ಕ್ಕೆ ಹಣದಂಥ ಲಾಭದಾಸೆ. ಕತ್ತಲಲ್ಲಿ ಕಾದು ಕೂತ ಅಪರಿಚಿತ ಸರಣಿ ಹಂತಕ ತೀರಾ ಅಪರೂಪ.

ಮಲಗುವ ಎರಡು ಗಂಟೆ ಮೊದಲು ನಿಲ್ಲಿಸಿ. ತಾನಾಗಿ ಮುಂದಿನ ವಿಡಿಯೋ ಶುರುವಾಗುವ ಆಟೋಪ್ಲೇ ತೆಗೆದುಹಾಕಿ. ಇಯರ್‌ಫೋನಿನಲ್ಲಿ ಕೇಳುತ್ತ ನಿದ್ದೆ ಹೋಗುವ ಅಭ್ಯಾಸವನ್ನು ಮೊದಲು ಬಿಡಿ. ಎರಡು ವಾರ ಹೀಗೆ ಮಾಡಿದರೂ ಬೆಚ್ಚಿಬೀಳುವುದು, ಬಾಗಿಲನ್ನು ಮತ್ತೆ ಮತ್ತೆ ನೋಡುವುದು ನಿಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಿಂದೆ ನಿಮಗೇ ಹಿಂಸೆಯ ಅನುಭವವಾಗಿದ್ದರೆ ಎರಡು ವಾರ ಕಾಯಬೇಡಿ.

ನಮ್ಮ ಮನೆಯವರ ಕೇಸೇ ವರ್ಷಗಳಿಂದ ಹಾಗೇ ಬಿದ್ದಿದೆ. ಯಾರಾದ್ರೂ ವಿಡಿಯೋ ಮಾಡಿದ್ರೆ ಉಪಯೋಗ ಆಗುತ್ತಾ?

ಆಗಲೂಬಹುದು, ಆದರೆ ಕಾಗದದ ಕೆಲಸ ಮೊದಲು ಮಾಡಿಕೊಳ್ಳಿ. ಎಫ್‌ಐಆರ್ ಅಥವಾ ಯುಡಿಆರ್ ಸಂಖ್ಯೆ, ಠಾಣೆ, ವರ್ಷ ಇವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಪ್ರಕರಣ ಯಾವ ಹಂತದಲ್ಲಿದೆ, ಬಿ ರಿಪೋರ್ಟೋ ಸಿ ರಿಪೋರ್ಟೋ, ಯಾವ ಕೋರ್ಟಿಗೆ ಯಾವ ದಿನ ಹೋಯಿತು ಎಂದು ಎಸ್‌ಪಿ ಕಚೇರಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ತನಿಖೆಗೆ ಅಡ್ಡಿಯಾಗುತ್ತದೆಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ಸೆಕ್ಷನ್ ಹೇಳಿ ನಿರಾಕರಿಸಬಹುದು. ಆಗ 30 ದಿನದೊಳಗೆ ಮೇಲ್ಮನವಿ ಸಲ್ಲಿಸಿ. ಕೋರ್ಟ್ ಸೇರಿದ ಕಾಗದಗಳಿಗೆ ದೃಢೀಕೃತ ನಕಲು ಕೇಳುವುದು ಇದಕ್ಕಿಂತ ಸುಲಭದ ದಾರಿ.

ಎಲ್ಲಕ್ಕಿಂತ ಮುಖ್ಯವಾಗಿ, ವಶಪಡಿಸಿಕೊಂಡ ವಸ್ತುಗಳು ಈಗ ಎಲ್ಲಿವೆ ಎಂದು ಪಿಎಫ್ ನಂಬರ್, ಅಂದರೆ ಅವುಗಳನ್ನು ದಾಖಲಿಸಿದ ಪ್ರಾಪರ್ಟಿ ಫಾರ್ಮ್ ಸಂಖ್ಯೆ, ಹಾಕಿ ಕೇಳಿ. ಬಟ್ಟೆ, ಒಡವೆ, ಮೊಬೈಲ್ ಠಾಣೆಯಲ್ಲಿವೆಯೋ, ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ (ಎಫ್‌ಎಸ್‌ಎಲ್) ಇವೆಯೋ, ಕೋರ್ಟಿನ ವಶದಲ್ಲಿವೆಯೋ ತಿಳಿದುಕೊಳ್ಳಿ. ಹಳೆಯ ಪ್ರಕರಣಗಳ ಮುದ್ದೆಮಾಲು, ಅಂದರೆ ಹೀಗೆ ವಶಪಡಿಸಿಕೊಂಡ ವಸ್ತು, ವಿಲೇವಾರಿಯಾದರೆ ಮುಂದೆ ಯಾವ ತಂತ್ರಜ್ಞಾನ ಬಂದರೂ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ. ವಿಲೇವಾರಿ ಮಾಡಬಾರದೆಂದು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಲು ವಕೀಲರಿಗೆ ಹೇಳಿ. ವಕೀಲರ ಶುಲ್ಕ ಕೈಗೆಟುಕದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಸಿಗುತ್ತದೆ.

ಆಮೇಲೆ ಯಾರಾದರೂ ವಿಡಿಯೋ ಮಾಡಲು ಬಂದರೆ ಏನು ತೋರಿಸಬಾರದು ಎಂಬುದನ್ನು ಮೊದಲೇ ಲಿಖಿತವಾಗಿ ಕೊಡಿ. ಮೂಲ ಕಾಗದ, ಫೋಟೊಗಳನ್ನು ಕೈಬಿಡಬೇಡಿ, ನಕಲು ಮಾತ್ರ ಕೊಡಿ. ಸಾಕ್ಷಿಗಳ ಹೆಸರು ಹೇಳಬೇಡಿ, ಅವರು ಮುಂದೆ ಕೋರ್ಟಿಗೆ ಬರಬೇಕಾದವರು.